ಏರ್‌ಪೋರ್ಟ್ ಬರುತ್ತಂತೆ, ಜಮೀನು ಈಗ್ಲೇ ಕೊಟ್ಬಿಡ್ಲಾ?

ಪ್ರಶ್ನೆ: ಸರ್, ನಮ್ದು ದಾವಣಗೆರೆ ತಾಲೂಕಿನ ಒಂದು ಹಳ್ಳಿ, ಹೈವೇಯಿಂದ ಸ್ವಲ್ಪ ಒಳಗೆ. ಮಾವನವ್ರ ಹೆಸ್ರಲ್ಲಿ 4 ಎಕರೆ 20 ಗುಂಟೆ ಇದೆ, ಮಾವ ತೀರ್ಕೊಂಡ್ರು, ನಮ್ಮ ಯಜಮಾನ್ರೂ ಈಗಿಲ್ಲ. ನಾನು, ಮೈದುನ ಸೇರ್ಕೊಂಡು ಮಾಡ್ತಾ ಇದೀವಿ. ಒಂದೂವರೆ ಎಕರೆ ಅಡಿಕೆ, ಬೋರ್ ಇದೆ, ಉಳಿದಿದ್ದು ಮೆಕ್ಕೆಜೋಳ. ಪಕ್ಕದ ಗೋಮಾಳದಲ್ಲೂ ಅರ್ಧ ಎಕರೆ ಮೊದ್ಲಿಂದ ಉಳ್ಕೊಂಡು ಬಂದಿದೀವಿ. ಈಗ ಇಲ್ಲಿ ಇಂಟರ್‌ನ್ಯಾಷನಲ್ ಏರ್‌ಪೋರ್ಟ್ ಆಗುತ್ತೆ, ಗೆಜೆಟ್ ಆಗಿದೆ ಅಂತ ಬೆಂಗಳೂರಿಂದ ಬ್ರೋಕರ್‌ಗಳು ಬರ್ತಾ ಇದಾರೆ. ಎಕರೆಗೆ 35 ಲಕ್ಷ, ಈಗ 5 ಲಕ್ಷ ಅಡ್ವಾನ್ಸ್, ಬಾಕಿ ಎರಡು ವರ್ಷದಲ್ಲಿ ಅಂತಾರೆ. ಕೊಡ್ಲಿಲ್ಲ ಅಂದ್ರೆ ಸರ್ಕಾರ ಪುಕ್ಕಟೆ ರೇಟಿಗೆ ತಗೊಳುತ್ತೆ ಅಂತ ಹೆದರಿಸ್ತಾರೆ. ಮೈದುನ ಕೊಟ್ಬಿಡೋಣ ಅಂತಾನೆ. ಹೋದ ತಿಂಗಳು ಯಾರೋ ಬಂದು ಬದುವಿನ ಕಲ್ಲಿಗೆ ಕೆಂಪು ಬಣ್ಣ ಹೊಡ್ದು ಹೋಗಿದಾರೆ. ಏರ್‌ಪೋರ್ಟ್ ಬಂದ್ರೆ ಮನೆ ಮೇಲೆ ಮಹಡಿ ಕಟ್ಟೋಕೆ ಬಿಡಲ್ವಂತೆ, ಬೋರ್ ಬತ್ತುತ್ತಂತೆ, ನಿಜಾನಾ? ಏನ್ ಮಾಡ್ಲಿ ಹೇಳಿ. (ಮಗಳ ಕೈಲಿ ಟೈಪ್ ಮಾಡಿಸಿ ಕಳ್ಸಿದೀನಿ)

ಉತ್ತರ: ಅಕ್ಕಾರೆ, ನಿಮ್ಮ ಪ್ರಶ್ನೆ ನಿಮ್ಮೊಬ್ಬರದೇ ಅಲ್ಲ, ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯಿಂದ ಇಂಥದ್ದೇ ಕೇಳೋರು ಇದಾರೆ, ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೀತೀನಿ. ನಾನು ಏರ್‌ಪೋರ್ಟ್‌ಗಳ ಜಾಗದ ಸರ್ವೆ, ಆಮೇಲೆ ಭೂಸ್ವಾಧೀನದ ಅಳತೆ, ಈ ಎರಡೇ ಕೆಲಸದಲ್ಲಿ ಸರ್ವೀಸ್ ಕಳೆದವನು. ನಿಮ್ಮ ಚಿಂತೆ ನನಗೆ ಅರ್ಥ ಆಗಿದ್ದು ಹೀಗೆ: ಕೊಟ್ರೆ ಮೋಸ ಹೋಗ್ತೀನಾ, ಕೊಡದೆ ಇದ್ರೆ ಸರ್ಕಾರದ ಕೈಲಿ ಮೋಸ ಹೋಗ್ತೀನಾ. ಮೊದ್ಲೇ ಹೇಳ್ಬಿಡ್ತೀನಿ, ಈಗ ಆ ಅಗ್ರಿಮೆಂಟಿಗೆ ಸಹಿ ಹಾಕ್ಬೇಡಿ. ನಿಮಗೆ ದೊಡ್ಡ ಅಪಾಯ ಇರೋದು ಏರ್‌ಪೋರ್ಟಿಂದ ಅಲ್ಲ, ಜಮೀನು ಇನ್ನೂ ತೀರಿಕೊಂಡ ಮಾವನವ್ರ ಹೆಸ್ರಲ್ಲೇ ಇದೆಯಲ್ಲ, ಅದರಿಂದ.

ಮೊದ್ಲು ಆ ಕೆಂಪು ಬಣ್ಣದ ವಿಷಯ. ಕಲ್ಲಿಗೆ ಬಣ್ಣ ಹೊಡೆದ ತಕ್ಷಣ ಜಮೀನು ಹೋಯ್ತು ಅಂತಲ್ಲ. ಪ್ರಾಥಮಿಕ ಸರ್ವೆಗೆ ಬಂದೋರು ಮಟ್ಟ ತಗೊಳೋಕೆ ಒಂದು ಗಟ್ಟಿ ಗುರುತು ಬೇಕು ಅಂತ ಕಲ್ಲಿಗೋ ಮೋರಿ ಕಟ್ಟೆಗೋ ಬಣ್ಣ ಹಚ್ಚಿ ಹೋಗ್ತಾರೆ, ಅದು ರೈಲ್ವೆ ಸರ್ವೆನೂ ಆಗಿರ್ಬೋದು, ಪೈಪ್‌ಲೈನೂ ಆಗಿರ್ಬೋದು, ಹೈಟೆನ್ಷನ್ ಲೈನೂ ಆಗಿರ್ಬೋದು. ನಿಮ್ಮ ಭಾಗದಲ್ಲಿ ತುಮಕೂರು–ಚಿತ್ರದುರ್ಗ–ದಾವಣಗೆರೆ ಹೊಸ ರೈಲು ಮಾರ್ಗದ ಕೆಲಸಾನೂ ನಡೀತಾ ಇದೆ ಅನ್ನೋದು ನೆನಪಿರ್ಲಿ. ಜಮೀನು ಹೋಗೋ ಪಟ್ಟಿಲಿ ಇದೆಯಾ ಇಲ್ವಾ ಅನ್ನೋದು ಗೊತ್ತಾಗೋದು ಒಂದೇ ಕಡೆ, ನಿಮ್ಮ ಸರ್ವೆ ನಂಬರ್ ಹಾಕಿ ಹೊರಡಿಸಿದ ಅಧಿಸೂಚನೆಯಲ್ಲಿ. ಬ್ರೋಕರ್ ಗೆಜೆಟ್ ಆಗಿದೆ ಅಂದ್ರೆ ಒಂದೇ ಮಾತು ಕೇಳಿ, ಅಧಿಸೂಚನೆ ನಂಬರ್ ಎಷ್ಟು, ತಾರೀಖು ಯಾವ್ದು, ಅದ್ರಲ್ಲಿ ನಮ್ಮ ಸರ್ವೆ ನಂಬರ್ ಯಾವ ಪುಟದಲ್ಲಿದೆ ತೋರ್ಸಿ ಅಂತ. ಇನ್ನೊಂದು ಕಡೆಯಿಂದಾನೂ ನೋಡ್ಬೋದು, ನಿಮ್ಮ ಪಹಣಿಯ 11ನೇ ಕಾಲಂ. ಸ್ವಾಧೀನ ಶುರು ಆದ್ರೆ ಸಾಮಾನ್ಯವಾಗಿ ಅಲ್ಲಿ ಕೆಐಎಡಿಬಿ (ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಅಂತಾನೋ ಭೂಸ್ವಾಧೀನ ಅಂತಾನೋ ನಮೂದು ಬೀಳುತ್ತೆ. ಮಗಳಿಗೆ ಹೇಳಿ ಭೂಮಿ ವೆಬ್‌ಸೈಟಲ್ಲಿ ತೆಗೆಸಿ ನೋಡಿ, ತಿಂಗಳಿಗೊಂದು ಸಲ ನೋಡ್ತಾ ಇರಿ.

ದಾವಣಗೆರೆಗೆ ಏರ್‌ಪೋರ್ಟ್ ಬೇಕು ಅನ್ನೋ ಕೂಗು ಹಳೇದು, ಹಲವು ಸರ್ಕಾರಗಳು ಅದರ ಬಗ್ಗೆ ಮಾತಾಡಿವೆ. ಆದ್ರೆ ಮಾತಿಂದ ವಿಮಾನದವರೆಗೆ ದಾರಿ ಎಷ್ಟು ದೂರ ಅಂತ ಪಕ್ಕದ ಶಿವಮೊಗ್ಗ ನೋಡಿ. ಸೋಗಾನೆಯಲ್ಲಿ 2008ರಲ್ಲಿ ಶಂಕುಸ್ಥಾಪನೆ ಆಯ್ತು, ಮಧ್ಯ ನಿಂತೇ ಹೋಯ್ತು, 2020ರಲ್ಲಿ ಮತ್ತೆ ಕೆಲಸ ಹಿಡಿದ್ರು, ಉದ್ಘಾಟನೆ 2023ರ ಫೆಬ್ರವರಿ 27ಕ್ಕೆ, ಜನ ಕೂತ್ಕೊಂಡು ಹೋಗೋ ಮೊದಲ ವಿಮಾನ ಅದೇ ವರ್ಷ ಆಗಸ್ಟ್ 31ಕ್ಕೆ. ಕಲಬುರಗಿನೂ 2008ರಲ್ಲಿ ಶುರುವಾಗಿ 2019ರ ನವೆಂಬರ್‌ಗೆ ಮುಗೀತು. ಹಾಸನದ ಬೂವನಹಳ್ಳಿಯ ಮಾತು ದಶಕಗಳಿಂದ ನಡೀತಾನೇ ಇದೆ. ಹಾಗಾಗಿ ಎರಡು ವರ್ಷದಲ್ಲಿ ಬಾಕಿ ಕೊಡ್ತೀನಿ ಅನ್ನೋ ಬ್ರೋಕರ್ ಮನಸ್ಸಲ್ಲಿ ಏನಿದೆ ಯೋಚಿಸಿ, ಎರಡು ವರ್ಷದೊಳಗೆ ರೇಟು ಏರಿದ್ರೆ ಬೇರೆಯವ್ರಿಗೆ ಮಾರ್ತಾನೆ, ಏರ್ಲಿಲ್ಲ ಅಂದ್ರೆ ನಿಮ್ಮ ಜಮೀನು ಅಗ್ರಿಮೆಂಟಲ್ಲಿ ಸಿಕ್ಕಾಕ್ಕೊಂಡು ಕೂತಿರುತ್ತೆ.

ದಾವಣಗೆರೆಗೆ ಒಂದು ವಿಶೇಷ ತೊಡಕೂ ಇದೆ. ಕೇಂದ್ರ ಸರ್ಕಾರದ 2008ರ ಗ್ರೀನ್‌ಫೀಲ್ಡ್ (ಅಂದ್ರೆ ಖಾಲಿ ಜಾಗದಲ್ಲಿ ಹೊಸದಾಗಿ ಕಟ್ಟೋ) ಏರ್‌ಪೋರ್ಟ್ ನೀತಿ ಪ್ರಕಾರ, ಈಗಿರೋ ನಾಗರಿಕ ವಿಮಾನ ನಿಲ್ದಾಣದಿಂದ 150 ಕಿ.ಮೀ ಒಳಗೆ ಹೊಸದು ಮಾಡ್ಬೇಕಂದ್ರೆ ಹಳೇದರ ಮೇಲೆ ಏನು ಪರಿಣಾಮ ಆಗುತ್ತೆ ಅಂತ ಕೇಂದ್ರ ಪ್ರತ್ಯೇಕವಾಗಿ ಪರಿಶೀಲಿಸ್ಬೇಕು. ಇದು ರಸ್ತೆ ದೂರ ಅಲ್ಲ, ನೇರ ಆಕಾಶದ ದೂರ. ಆ ಲೆಕ್ಕಕ್ಕೆ ದಾವಣಗೆರೆಯಿಂದ ಶಿವಮೊಗ್ಗ ಸುಮಾರು 75, ತೋರಣಗಲ್ಲಿನ ಜಿಂದಾಲ್ ವಿದ್ಯಾನಗರ ಸುಮಾರು 110, ಹುಬ್ಬಳ್ಳಿ ಸುಮಾರು 135 ಕಿ.ಮೀ. ಮೂರೂ ಒಳಗೇ ಬರುತ್ತೆ. ಹಾಗಂತ ಆಗೋದೇ ಇಲ್ಲ ಅಂತ ನಾನು ಹೇಳ್ತಾ ಇಲ್ಲ, ನೀತಿ ಅದನ್ನ ತಡೆಯಲ್ಲ. ಆದ್ರೆ ಸ್ಥಳ ಮಂಜೂರಾತಿ, ತಾತ್ವಿಕ ಒಪ್ಪಿಗೆ, ಆಕಾಶಮಾರ್ಗಕ್ಕೆ ರಕ್ಷಣಾ ಇಲಾಖೆ ಒಪ್ಪಿಗೆ, ಪರಿಸರ ಅನುಮತಿ ಅಂತ ಒಂದೊಂದೇ ದಾಟ್ಬೇಕು, ಒಂದು ಕಡೆ ನಿಂತ್ರೆ ಎಲ್ಲಾ ನಿಲ್ಲುತ್ತೆ.

ಇನ್ನು ಆ ಇಂಟರ್‌ನ್ಯಾಷನಲ್ ಅನ್ನೋ ಪದ. ಲೇಔಟ್ ಬ್ರೋಷರ್‌ಗಳಲ್ಲಿ ಇದನ್ನ ಎಷ್ಟು ಸಲೀಸಾಗಿ ಹಾಕ್ತಾರೆ ಅಂದ್ರೆ ಓದಿದೋರಿಗೆ ನಾಳೆ ದುಬೈಗೆ ವಿಮಾನ ಹತ್ತಬೋದು ಅನ್ನಿಸ್ಬೇಕು. ಆ ದರ್ಜೆ ಸಿಗ್ಬೇಕಂದ್ರೆ ಕಸ್ಟಮ್ಸ್, ಇಮಿಗ್ರೇಷನ್, ಆರೋಗ್ಯ ತಪಾಸಣೆ ಎಲ್ಲದಕ್ಕೂ ಕೇಂದ್ರ ಸಿಬ್ಬಂದಿ ಕೊಟ್ಟು ಘೋಷಣೆ ಮಾಡ್ಬೇಕು, ಅದಕ್ಕಿಂತ ಮೊದ್ಲು ಹೊರದೇಶಕ್ಕೆ ದಿನಾ ಹೋಗೋ ಜನ ಇರ್ಬೇಕು. ಮಂಗಳೂರಿಗೆ ಅದು ಬಂದಿದ್ದು ಗಲ್ಫ್‌ನಲ್ಲಿ ದುಡಿಯೋ ಕರಾವಳಿಯವರಿಂದ, 2006ರಲ್ಲಿ 2,450 ಮೀಟರ್ ರನ್‌ವೇ ಆದ ಮೇಲೆ ದುಬೈ ವಿಮಾನ ಶುರುವಾಯ್ತು. ಹುಬ್ಬಳ್ಳಿಲಿ 2,600 ಮೀಟರ್ ರನ್‌ವೇ ಇದೆ, ವ್ಯಾಪಾರದ ಊರು, ಆದ್ರೂ ಇವತ್ತಿಗೂ ಅದು ದೇಶದೊಳಗಿನ ನಿಲ್ದಾಣವೇ. ಅಷ್ಟು ವರ್ಷದಿಂದ ಓಡ್ತಿರೋ ಹುಬ್ಬಳ್ಳಿಗೇ ಸಿಗದ್ದು ಇನ್ನೂ ಹೊಲವಾಗಿರೋ ಜಾಗಕ್ಕೆ ಸಿಕ್ಕಿದೆ ಅನ್ನೋದು ಸುಳ್ಳು, ಅಷ್ಟೇ. ಇನ್ನು ಚಳ್ಳಕೆರೆ ಹತ್ರ ರನ್‌ವೇ ಇದೆಯಲ್ಲ, ಅದನ್ನೇ ಏರ್‌ಪೋರ್ಟ್ ಮಾಡ್ಬೋದಲ್ವಾ ಅಂತ ದುರ್ಗದ ಕಡೆಯೋರು ಕೇಳ್ತಾರೆ, ಅದು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಪೈಲಟ್ ಇಲ್ಲದ ವಿಮಾನ ಪರೀಕ್ಷೆ ಮಾಡೋ ಜಾಗ, ಇಸ್ರೋ ತನ್ನ ರೆಕ್ಕೆ ಇರೋ ಮರುಬಳಕೆ ವಾಹನವನ್ನ 2023ರ ಏಪ್ರಿಲ್ 2ಕ್ಕೆ ಇಳಿಸಿದ್ದೂ ಅಲ್ಲೇ, ಪ್ರಯಾಣಿಕರಿಗೆ ಮಾಡಿದ್ದಲ್ಲ.

ಚಳ್ಳಕೆರೆ ಮಾತು ಬಂತಲ್ಲ, ನಿಮ್ಮ ಗೋಮಾಳದ ಅರ್ಧ ಎಕರೆಗೆ ಅದರಿಂದ ಕಲಿಯೋದು ಇದೆ. ಅಲ್ಲಿ ಅಮೃತಮಹಲ್ ಕಾವಲು (ಅಮೃತಮಹಲ್ ತಳಿ ದನಗಳಿಗೆ ಬಿಟ್ಟ ಸರ್ಕಾರಿ ಹುಲ್ಲುಗಾವಲು) ಜಾಗವನ್ನ ಡಿಆರ್‌ಡಿಒಗೆ 4,290 ಎಕರೆ, ಅಣು ಸಂಶೋಧನಾ ಕೇಂದ್ರ ಬಿಎಆರ್‌ಸಿಗೆ 1,810, ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಗೆ 1,500, ಇಸ್ರೋಗೆ 573 ಅಂತ ಹಂಚಿದ್ರು. ಸುತ್ತಲ ಹಳ್ಳಿಯೋರು ತಲೆಮಾರುಗಳಿಂದ ಅಲ್ಲೇ ದನ ಕುರಿ ಮೇಯಿಸ್ಕೊಂಡು, ಆ ಕುರಿ ಉಣ್ಣೆಯಲ್ಲಿ ಕಂಬಳಿ ನೇಯ್ಕೊಂಡು ಬದುಕ್ತಿದ್ರು. ಆದ್ರೆ ಪಹಣಿಲಿ ಅದು ಸರ್ಕಾರಿ ಕಾವಲು, ಇವ್ರ ಹೆಸ್ರು ಎಲ್ಲೂ ಇರ್ಲಿಲ್ಲ. ಬೇಲಿ ಬಂದಾಗ ಹಸಿರು ನ್ಯಾಯಮಂಡಳಿವರೆಗೂ ಹೋದ್ರು. ನನಗೆ ಆ ಜನರ ಬಗ್ಗೆ ಈಗ್ಲೂ ಸಂಕಟ ಆಗುತ್ತೆ, ಯಾಕಂದ್ರೆ ಅವ್ರ ಬದುಕು ಸುಳ್ಳಲ್ಲ, ದಾಖಲೆ ಇರ್ಲಿಲ್ಲ ಅಷ್ಟೇ. ನಿಮ್ಮ ಅರ್ಧ ಎಕರೆಗೆ ಬಗರ್ ಹುಕುಂ ಅರ್ಜಿ (ಉಳುತ್ತಾ ಬಂದ ಸರ್ಕಾರಿ ಜಮೀನು ಸಕ್ರಮ ಮಾಡಿ ಅಂತ ಕೇಳೋದು), ಫಾರಂ 57, ಯಾವತ್ತಾದ್ರೂ ಹಾಕಿದೀರಾ ಹುಡುಕಿ, ಹಾಕಿದ್ರೆ ಸ್ವೀಕೃತಿ ಚೀಟಿ ತೆಗೆದಿಡಿ, ತಾಲೂಕು ಕಚೇರಿಲಿ ಅದು ಯಾವ ಹಂತದಲ್ಲಿದೆ ಕೇಳಿ. ಏನೂ ಇಲ್ಲ ಅಂದ್ರೆ ಆ ಅರ್ಧ ಎಕರೆಗೆ ಪರಿಹಾರ ಸಿಗುತ್ತೆ ಅಂತ ಆಸೆ ಇಟ್ಕೊಂಡು ಲೆಕ್ಕ ಹಾಕ್ಬೇಡಿ.

ಈಗ ನಿಮ್ಮ ಮುಖ್ಯ ಭಯ, ಸರ್ಕಾರ ಪುಕ್ಕಟೆ ರೇಟಿಗೆ ತಗೊಳುತ್ತೆ ಅನ್ನೋದು. 2014ರ ಜನವರಿ 1ರಿಂದ ಜಾರಿಲಿರೋ 2013ರ ಭೂಸ್ವಾಧೀನ ಕಾಯ್ದೆ ಪ್ರಕಾರ ಲೆಕ್ಕ ಹೀಗೆ ಹೋಗುತ್ತೆ. ಮೊದ್ಲು ಮಾರುಕಟ್ಟೆ ಬೆಲೆ, ಅಂದ್ರೆ ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಬೆಲೆ, ಗೈಡೆನ್ಸ್ ವ್ಯಾಲ್ಯೂ, ಒಂದು ಕಡೆ, ಹತ್ತಿರದಲ್ಲಿ ಹಿಂದಿನ ಮೂರು ವರ್ಷದಲ್ಲಿ ನೋಂದಣಿ ಆದ ಕ್ರಯಪತ್ರಗಳಲ್ಲಿ ಹೆಚ್ಚಿನ ಬೆಲೆಯ ಅರ್ಧ ಭಾಗದ ಸರಾಸರಿ ಇನ್ನೊಂದು ಕಡೆ, ಯಾವ್ದು ಜಾಸ್ತಿನೋ ಅದು. ಅದನ್ನ ಹಳ್ಳಿ ಕಡೆ 1ರಿಂದ 2ರವರೆಗಿನ ಒಂದು ಅಂಶದಿಂದ ಗುಣಿಸ್ತಾರೆ. ಅದಕ್ಕೆ ಮರ, ಬೋರು, ಶೆಡ್ಡು ಎಲ್ಲದರ ಬೆಲೆ ಸೇರಿಸ್ತಾರೆ. ಆ ಒಟ್ಟು ಮೊತ್ತಕ್ಕೆ ಅಷ್ಟೇ ಮೊತ್ತ ಸೊಲೇಷಿಯಂ (ಬಲವಂತವಾಗಿ ತಗೊಳೋದಕ್ಕೆ ಕೊಡೋ ಹೆಚ್ಚುವರಿ ಪರಿಹಾರ) ಅಂತ ಮತ್ತೆ ಸೇರಿಸ್ತಾರೆ. ಮಾತಿಗೆ ಎಕರೆಗೆ 12 ಲಕ್ಷ ಅಂತ ಮಾರುಕಟ್ಟೆ ಬೆಲೆ ಬಂತು, ಅಂಶ ಒಂದೂವರೆ ಅಂದ್ರೆ 18, ಅಡಿಕೆ ಮರಗಳಿಗೆ 6 ಅಂದ್ರೆ 24, ಸೊಲೇಷಿಯಂ ಸೇರಿ 48 ಲಕ್ಷ. ಇದು ಬರೀ ಉದಾಹರಣೆ, ನಿಮ್ಮೂರಿನ ದರ ಅಲ್ಲ, ಆದ್ರೆ ಬ್ರೋಕರ್ ಹೇಳೋ 35 ಲಕ್ಷ ಕೇಳೋಕೆ ದೊಡ್ಡದಾದ್ರೂ ಯಾವಾಗ್ಲೂ ದೊಡ್ಡದಲ್ಲ ಅಂತ ಗೊತ್ತಾಗ್ಲಿ ಅಂತ ಹೇಳಿದೆ. ಇದ್ರಲ್ಲಿ ಊರೋರೆಲ್ಲಾ ಗಮನಿಸ್ಬೇಕಾದ್ದು ಒಂದಿದೆ: ನಮ್ಮ ಕಡೆ ಸ್ಟಾಂಪ್ ಡ್ಯೂಟಿ ಉಳಿಸೋಕೆ 30 ಲಕ್ಷಕ್ಕೆ ಕೊಟ್ಟ ಜಮೀನನ್ನ 10 ಲಕ್ಷಕ್ಕೆ ಅಂತ ನೋಂದಣಿ ಮಾಡಿಸ್ತಾರೆ, ಆ 10 ಲಕ್ಷದ ಪತ್ರಗಳೇ ಆಮೇಲೆ ಇಡೀ ಊರಿನ ಪರಿಹಾರವನ್ನ ಕೆಳಗೆ ಎಳೀತವೆ.

ಆದ್ರೆ ಒಂದು ಎಚ್ಚರಿಕೆ. ಕರ್ನಾಟಕದಲ್ಲಿ ಜಮೀನು ಕೆಐಎಡಿಬಿ ಮೂಲಕವೂ ತಗೋಬೋದು, ಅದು 1966ರ ಬೇರೆ ಕಾಯ್ದೆ, 28(1) ಅಂದ್ರೆ ಪ್ರಾಥಮಿಕ, 28(4) ಅಂದ್ರೆ ಅಂತಿಮ ಅಧಿಸೂಚನೆ. ಅಲ್ಲಿ ಸಾಮಾನ್ಯವಾಗಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿ ರೈತರ ಜೊತೆ ಕೂತು ದರ ಮಾತಾಡುತ್ತೆ, ಒಪ್ಪಿ ಸಹಿ ಮಾಡಿದ್ರೆ ಆಮೇಲೆ ಜಾಸ್ತಿ ಕೊಡಿ ಅಂತ ಕೋರ್ಟಿಗೆ ಹೋಗೋ ದಾರಿ ಹೆಚ್ಚುಕಮ್ಮಿ ಮುಚ್ಚಿದ ಹಾಗೆ. ಅದಕ್ಕೆ ನೋಟೀಸ್ ಬಂದ ದಿನ ಮೊದ್ಲು ನೋಡ್ಬೇಕಾದ್ದು ಯಾವ ಕಾಯ್ದೆ, ಯಾವ ಕಲಂ, ಆಕ್ಷೇಪಣೆಗೆ ಕೊನೇ ತಾರೀಖು ಯಾವ್ದು ಅಂತ. ಆಕ್ಷೇಪಣೆ ಬರವಣಿಗೆಲಿ ಕೊಟ್ಟು ಸೀಲ್ ಹಾಕಿಸ್ಕೊಂಡು ಬನ್ನಿ. ಸರ್ಕಾರ ಒಮ್ಮೆ ಕೈ ಹಾಕಿದ್ರೆ ಬಿಡಲ್ಲ ಅನ್ನೋದೂ ಪೂರ್ತಿ ನಿಜ ಅಲ್ಲ. ದೇವನಹಳ್ಳಿ ಏರ್‌ಪೋರ್ಟ್ ಪಕ್ಕದ ಚನ್ನರಾಯಪಟ್ಟಣ ಹೋಬಳಿಲಿ ಏರೋಸ್ಪೇಸ್ ಪಾರ್ಕಿಗೆ ಅಂತ ಹಿಡಿದಿದ್ದ 1,777 ಎಕರೆಯನ್ನ ರೈತರು ಮೂರು ವರ್ಷಕ್ಕೂ ಮೇಲೆ ಧರಣಿ ಕೂತ ಮೇಲೆ 2025ರ ಜುಲೈನಲ್ಲಿ ಸರ್ಕಾರ ಕೈಬಿಡ್ತು.

ಈಗ ನಿಮ್ಮ ಮನೆ ಕೆಲಸಕ್ಕೆ ಬರೋಣ. ಪಹಣಿ ಇನ್ನೂ ಮಾವನವ್ರ ಹೆಸ್ರಲ್ಲಿದೆ. ನಾಳೆ ಸ್ವಾಧೀನ ಆದ್ರೆ ಪರಿಹಾರದ ಹಣ ಯಾರಿಗೆ ಕೊಡ್ಬೇಕು ಅಂತ ತಕರಾರು ಬರುತ್ತೆ, ತಕರಾರು ಬಂದ್ರೆ ಹಣವನ್ನ ಪ್ರಾಧಿಕಾರದಲ್ಲೋ ಕೋರ್ಟಲ್ಲೋ ಠೇವಣಿ ಇಡ್ತಾರೆ, ಅದನ್ನ ಬಿಡಿಸ್ಕೊಳೋಕೆ ವರ್ಷಗಟ್ಟಲೆ ಅಲೆದು ಸೋತವ್ರನ್ನ ನಾನು ನೋಡಿದೀನಿ. ಅದರ ಮೇಲೆ ಈ ಅಗ್ರಿಮೆಂಟೂ ಇದ್ರೆ ಬ್ರೋಕರೂ ನಾನೂ ಹಕ್ಕುದಾರ ಅಂತ ಬಂದು ನಿಲ್ತಾನೆ, 5 ಲಕ್ಷ ಕೊಟ್ಟು ನಿಮ್ಮ ಪೂರ್ತಿ ಪರಿಹಾರಕ್ಕೆ ಕಟ್ಟು ಹಾಕ್ದಂಗಾಗುತ್ತೆ. ಅದರಲ್ಲೂ ಜಿಪಿಎ (ನಿಮ್ಮ ಪರವಾಗಿ ವ್ಯವಹಾರ ಮಾಡೋ ಅಧಿಕಾರ ಪತ್ರ) ಬರ್ಕೊಡಿ ಅಂತ ಕೇಳಿದ್ರೆ ಮಾತು ಅಲ್ಲಿಗೇ ಮುಗಿಸಿ. ಹಾಗಾಗಿ ನಾಡಕಚೇರಿಗೆ ಹೋಗಿ ಮರಣ ಪ್ರಮಾಣಪತ್ರ, ವಂಶವೃಕ್ಷ ಹಾಕಿ ಪೌತಿ ಖಾತೆ (ತೀರಿಕೊಂಡವ್ರ ಹೆಸ್ರಿಂದ ವಾರಸುದಾರರ ಹೆಸ್ರಿಗೆ ಬದಲಾವಣೆ) ಮಾಡಿಸಿ, ಅದಾದ ಮೇಲೆ ಮೈದುನನ ಜೊತೆ ಕೂತು ಪಾಲು ಮಾಡ್ಕೊಂಡು ನೋಂದಣಿ ಮಾಡಿಸಿ, ಪೋಡಿ, ಅಂದ್ರೆ ಅಳತೆ ಮಾಡಿ ಪಾಲು ಬೇರೆ ಬೇರೆ ಮಾಡೋದು, ಅದೂ ಆಗ್ಲಿ. ಮೈದುನ ಮಾರ್ಲೇಬೇಕು ಅಂತಿದ್ರೆ ಅವ್ನ ಪಾಲನ್ನ ಅವ್ನು ಮಾರ್ಕೊಳ್ಳಿ, ಅದಕ್ಕೂ ನಿಮ್ಮ ಪಾಲಿಗೂ ಗಂಟು ಬೇಡ. ಹಾಗೇ ನಿಮ್ಮ ಮಗಳಿಗೂ ಅಪ್ಪನ ಪಾಲಲ್ಲಿ ಹಕ್ಕಿದೆ, ವಂಶವೃಕ್ಷದಲ್ಲಿ ಅವಳ ಹೆಸ್ರು ಬಿಡ್ಬೇಡಿ, ನಮ್ಮ ಕಡೆ ಹೆಣ್ಮಕ್ಕಳ ಹೆಸ್ರು ಬಿಟ್ಟು ಬರೆಸೋ ಚಾಳಿ ಇನ್ನೂ ಹೋಗಿಲ್ಲ.

ಅಡಿಕೆ ವಿಷಯದಲ್ಲಿ ಇನ್ನೂ ಹುಷಾರು. ಪಹಣಿಲಿ ಒಂದೂವರೆ ಎಕರೆ ಅಡಿಕೆ ಅಂತ ಇದೆಯಾ, ಇಲ್ಲ ಹಳೇ ಮೆಕ್ಕೆಜೋಳಾನೇ ಪೂರ್ತಿ ಇದೆಯಾ ನೋಡಿ, ಬೆಳೆ ಸಮೀಕ್ಷೆ ಟೈಮಲ್ಲಿ ಮೊಬೈಲ್ ಆ್ಯಪ್‌ನಲ್ಲಿ ನೀವೇ ಫೋಟೋ ತೆಗೆದು ದಾಖಲು ಮಾಡ್ಬೋದು. ಸ್ವಾಧೀನದಲ್ಲಿ ಜಂಟಿ ಅಳತೆ ಅಂತ ಒಂದು ದಿನ ಬರುತ್ತೆ, ನಾವು ಜೆಎಂಸಿ ಅಂತೀವಿ. ಕಂದಾಯ, ಸರ್ವೆ, ತೋಟಗಾರಿಕೆ, ಪಿಡಬ್ಲ್ಯುಡಿ ಎಲ್ರೂ ಒಟ್ಟಿಗೆ ಬರ್ತಾರೆ. ತೋಟಗಾರಿಕೆಯೋರು ಸಾಲು ಸಾಲು ಹೋಗಿ ಮರ ಎಣಿಸ್ತಾರೆ, ಫಲ ಬಿಡೋ ಮರ ಎಷ್ಟು, ಎಳೇದು ಎಷ್ಟು, ಒಣಗಿದ್ದು ಎಷ್ಟು ಅಂತ ಬೇರೆ ಬೇರೆ ಬರ್ಕೋತಾರೆ, ಯಾಕಂದ್ರೆ ಇಪ್ಪತ್ತು ವರ್ಷದ ಮರಕ್ಕೂ ಮೂರು ವರ್ಷದ್ದಕ್ಕೂ ಬೆಲೆ ಅಜಗಜಾಂತರ. ಬೋರ್ ಆಳ, ಕೇಸಿಂಗು, ಮೋಟರ್, ಪೈಪ್‌ಲೈನ್, ಬದುವಿನ ಮೇಲಿನ ತೆಂಗು ಬೇವು ಹುಣಸೆ, ಕಣದ ಶೆಡ್ಡು ಎಲ್ಲಾ ಪಂಚನಾಮೆಲಿ ಬರ್ಬೇಕು. ಮಧ್ಯಾಹ್ನದ ಬಿಸಿಲಿಗೆ ಅವಸರದಲ್ಲಿ ಮುಗಿಸಿ ಸಹಿ ಹಾಕಮ್ಮಾ ಅಂತಾರೆ. ಅವತ್ತು ನೀವು ಅಲ್ಲೇ ಇರ್ಬೇಕು, ಮೊದ್ಲೇ ಮರಕ್ಕೆ ಸುಣ್ಣದಲ್ಲಿ ನಂಬರ್ ಹಾಕಿಟ್ಟಿರ್ಬೇಕು, ಬೋರ್ ಕೊರೆಸಿದ ಬಿಲ್ಲು ಕರೆಂಟ್ ಬಿಲ್ಲು ಕೈಲಿರ್ಬೇಕು, ಬರೆದಿದ್ದನ್ನ ಮಗಳ ಕೈಲಿ ಪೂರ್ತಿ ಓದಿಸ್ದೆ ಸಹಿ ಹಾಕ್ಬಾರ್ದು. ಪಂಚನಾಮೆಲಿ ಬಿಟ್ಟುಹೋದ ಒಂದು ಮರಾನ ಆಮೇಲೆ ಸೇರಿಸೋದು ಬಹಳ ಕಷ್ಟ. ಹಾಗಂತ ಪರಿಹಾರದ ಆಸೆಗೆ ಈಗ ಒತ್ತೊತ್ತಾಗಿ ಸಸಿ ತುಂಬಿಸೋಕೆ ಹೋಗ್ಬೇಡಿ, ಉಪಗ್ರಹ ಚಿತ್ರ, ಹಳೇ ಬೆಳೆ ಸಮೀಕ್ಷೆ ಎರಡೂ ತೆಗೆದು ನೋಡ್ತಾರೆ, ಅದರಿಂದ ನಿಮ್ಮ ನಿಜವಾದ ಮರಗಳ ಮೇಲೂ ಅನುಮಾನ ಬರುತ್ತೆ.

ಜಮೀನು ಏರ್‌ಪೋರ್ಟ್ ಒಳಗೆ ಹೋಗದೆ ಪಕ್ಕದಲ್ಲೇ ಉಳ್ಕೊಂಡ್ರೆ ಚಿನ್ನ ಅಂತ ಎಲ್ರೂ ಅಂದ್ಕೊಂಡಿದಾರೆ, ಅದು ಅರ್ಧ ನಿಜ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ, ಎತ್ತರ ಹೆಚ್ಚಾದಷ್ಟೂ, ಬಿಸಿಲು ಹೆಚ್ಚಾದಷ್ಟೂ ಗಾಳಿ ತೆಳುವಾಗಿ ವಿಮಾನ ಏಳೋಕೆ ಉದ್ದ ರನ್‌ವೇ ಬೇಕು, ಪ್ರತಿ 300 ಮೀಟರ್‌ಗೆ ಶೇ 7ರಷ್ಟು, ಮೇಲೆ ಸೆಕೆಯ ಲೆಕ್ಕ ಬೇರೆ. ಸಮುದ್ರದ ದಂಡೇಲಿ 2,000 ಮೀಟರ್ ಸಾಕಾಗೋ ವಿಮಾನಕ್ಕೆ ನಮ್ಮ ಏಪ್ರಿಲ್ ಬಿಸಿಲಿಗೆ 2,700 ದಾಟುತ್ತೆ. ಶಿವಮೊಗ್ಗದಲ್ಲಿ 3,200 ಮೀಟರ್ ಮಾಡಿದ್ದು ಸುಮ್ನೆ ಅಲ್ಲ. ಮೈಸೂರಲ್ಲಿ 1,740 ಮೀಟರ್‌ಗೆ ನಿಲ್ಲಿಸಿ ಈಗ 2,750ಕ್ಕೆ ಏರಿಸ್ಬೇಕು ಅಂತ ಮತ್ತೆ ಜಮೀನು ಸ್ವಾಧೀನ ಮಾಡೋ ಪರಿಸ್ಥಿತಿ ಬಂತು. ಅಂದ್ರೆ ಮೊದಲ ಹಂತದಲ್ಲಿ ಪಾರಾದೋರಿಗೆ ಎರಡನೇ ಹಂತದಲ್ಲಿ ನೋಟೀಸ್ ಬರ್ಬೋದು, ಅದರಲ್ಲೂ ರನ್‌ವೇಯ ಎರಡು ತುದಿ ಕಡೆ ಇರೋರಿಗೆ. ಹುಬ್ಬಳ್ಳಿ, ಬೆಳಗಾವಿ ರನ್‌ವೇಗಳು ಗಾಳಿಯ ದಿಕ್ಕಿಗೆ ಹೆಚ್ಚುಕಮ್ಮಿ ಪೂರ್ವ-ಪಶ್ಚಿಮವಾಗಿವೆ, ನಮ್ಮ ಬಯಲಿಗೂ ಹಾಗೇ ಬರೋ ಸಾಧ್ಯತೆ ಹೆಚ್ಚು. ಇನ್ನೊಂದು, ಕಾಂಪೌಂಡ್ ಬಂದ್ರೆ ಬಂಡಿ ದಾರಿ ಕಟ್ ಆಗುತ್ತೆ, ಪಕ್ಕದಲ್ಲಿ ಉಳಿದ ತುಂಡಿಗೆ ಹೋಗೋಕೆ ಊರು ಸುತ್ತಬೇಕಾಗುತ್ತೆ, ವಿಚಾರಣೆ ದಿನ ಅದನ್ನೂ ಬರ್ಕೊಟ್ಟು ಕೇಳಿ.

ಮಹಡಿ ಕಟ್ಟೋಕೆ ಬಿಡಲ್ಲ ಅನ್ನೋದು ದೊಡ್ಡ ಭಯ, ಅಷ್ಟು ಭಯ ಬೇಡ. ನಿಲ್ದಾಣದಿಂದ 20 ಕಿ.ಮೀವರೆಗೆ ಎತ್ತರದ ನಿಯಮ ಇದೆ ನಿಜ, ಆದ್ರೆ ರನ್‌ವೇ ಸುತ್ತ 4 ಕಿ.ಮೀ ಒಳಗೂ ಸಾಮಾನ್ಯ ಮಿತಿ ನಿಲ್ದಾಣದ ಮಟ್ಟಕ್ಕಿಂತ 45 ಮೀಟರ್, ನಿಮ್ಮ ಎರಡು ಮಹಡಿ ಹತ್ತು ಮೀಟರ್ ದಾಟಲ್ಲ. ರನ್‌ವೇ ತುದಿಯ ನೇರಕ್ಕೆ, ಪಕ್ಕಕ್ಕೆ ಅಂಟಿಕೊಂಡ ಜಾಗದಲ್ಲಿ ಮಾತ್ರ ಬಿಗಿ, ಅಲ್ಲಿ ತೆಂಗಿನ ಮರಾನೂ ತಕರಾರು ಆಗುತ್ತೆ. ಬೋರ್ ವಿಮಾನದಿಂದ ಬತ್ತಲ್ಲ. ನಿಜವಾದ ನೀರಿನ ಪ್ರಶ್ನೆ ಬೇರೆ: ಮೂರು ಚಿಲ್ಲರೆ ಕಿಲೋಮೀಟರ್ ಉದ್ದ, ಇನ್ನೂರೆಂಬತ್ತು ಮೀಟರ್ ಅಗಲ ನೆಲ ಮಟ್ಟ ಮಾಡಿದ್ರೆ ಮಧ್ಯದ ಹಳ್ಳಗಳು ಎಲ್ಲಿ ಹೋಗ್ತವೆ, ನಿಮ್ಮೂರ ಕೆರೆಗೆ ನೀರು ಬರೋ ದಾರಿ ಏನಾಗುತ್ತೆ. ಪರಿಸರ ವಿಚಾರಣೆಲಿ ಊರೋರು ಹಳ್ಳದ ನಕ್ಷೆ ತೋರ್ಸಿ ಅಂತ ಹಠ ಹಿಡೀಬೇಕು, ಕೆರೆ ತುಂಬೋದು ನಿಂತ ಮೇಲೆ ಎರಡು ಮೂರು ವರ್ಷಕ್ಕೆ ಬೋರ್‌ಗಳು ತಾನಾಗೇ ಇಳೀತವೆ.

ಹಾಗಾದ್ರೆ ಮಾರ್ಲೇಬಾರ್ದಾ? ಸಾಲ ಇದ್ರೆ, ಮದುವೆ ಓದಿನ ಖರ್ಚಿದ್ರೆ ಮಾರೋದು ತಪ್ಪಲ್ಲ. ಆದ್ರೆ ಖಾತೆ ಆದ ಮೇಲೆ, ನಿಮ್ಮ ಪಾಲಲ್ಲಿ ಬೇಕಾದಷ್ಟೇ, ಪೂರ್ತಿ ಹಣ ಬ್ಯಾಂಕಲ್ಲಿ ಬಂದ ದಿನವೇ ಕ್ರಯ, ನಿಜವಾದ ಬೆಲೆಗೇ ನೋಂದಣಿ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ರೈತರಲ್ಲದೋರೂ ಕೃಷಿ ಜಮೀನು ತಗೋಬೋದು, ಹಾಗಾಗಿ ನಿಜವಾಗ್ಲೂ ಬೇಕು ಅನ್ನೋನಿಗೆ ಅಗ್ರಿಮೆಂಟ್ ಹಿಡ್ಕೊಂಡು ಎರಡು ವರ್ಷ ಕಾಯೋ ಕಾರಣ ಇಲ್ಲ, ಆ ಪ್ರಶ್ನೆನ ಬ್ರೋಕರ್ ಮುಖಕ್ಕೇ ಕೇಳಿ. ಅವ್ನು ಮತ್ತೆ ಪತ್ರ ತಂದ್ರೆ ಒಂದು ಜೆರಾಕ್ಸ್ ಇಸ್ಕೊಂಡು ಕೋರ್ಟ್ ಆವರಣದಲ್ಲಿರೋ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಹೆಣ್ಮಕ್ಕಳಿಗೆ ಆದಾಯ ಎಷ್ಟೇ ಇರ್ಲಿ ಅಲ್ಲಿ ವಕೀಲರ ನೆರವು ಉಚಿತ. ಪಹಣಿ, ವಂಶವೃಕ್ಷ, ಈ ಜೆರಾಕ್ಸ್ ಮೂರೂ ಜೊತೆಲಿ ತಗೊಂಡ್ ಹೋಗಿ, ಮಗಳನ್ನೂ ಕರ್ಕೊಂಡ್ ಹೋಗಿ.